ಮೂರು ತೊಟ್ಟಿಯ ಅಡಿಗೆಮನೆ

ಎಲಾದಿಯೊನ ಆ ದಿನದ ಗ್ರಹಚಾರ ಶುರುವಾದದ್ದು ಒಂದು ಬೀಗದಿಂದ. ಬೆಳಕು ಹರಿಯುವ ಮೊದಲೇ ತನ್ನ ಟ್ಯಾಕೊ ಮಾರುವ ಗಾಡಿ ಓಡಿಸಿಕೊಂಡು ಕಮಿಸರಿಗೆ ಬಂದರೆ ಗೇಟಿಗೆ ಸರಪಳಿ ಸುತ್ತಿ, ತೆಂಗಿನಕಾಯಿ ಗಾತ್ರದ ಬೀಗ ಜಡಿದಿದ್ದರು. ಒಳಗೆ ಕಾವಲಿಗಿದ್ದವನು ಕಂಬಿಯ ಸಂದಿಯಿಂದ ಮೂತಿ ತೂರಿಸಿ, "ಕಟ್ಟಡ ಮಾರಿಹೋಯ್ತು, ಇನ್ಮೇಲೆ ಇಲ್ಲಿ ಜಿಮ್ಮು" ಎಂದ.

ಲಾಸ್ ಏಂಜಲೀಸಿನಲ್ಲಿ ಗಾಡಿ ಇದ್ದರೆ ಸಾಲದು, ಗಾಡಿಗೊಂದು ತವರುಮನೆಯೂ ಬೇಕು. ಅದೇ ಕಮಿಸರಿ. ಮಾಂಸ ಹೆಚ್ಚುವುದು ಅಲ್ಲೇ, ಸಾಲ್ಸಾ ಚಟ್ನಿ ಅರೆಯುವುದು ಅಲ್ಲೇ, ಒಳ್ಳೆಯ ನೀರು ತುಂಬಿಸಿ ಕೊಳೆನೀರು ಚೆಲ್ಲುವುದೂ ಅಲ್ಲೇ. ಮನೆಯಲ್ಲಿ ಒಂದು ಈರುಳ್ಳಿ ಹೆಚ್ಚಿಕೊಂಡು ಬಂದರೂ ಅಪರಾಧ. ಎಲಾದಿಯೊ ಇಷ್ಟು ವರ್ಷ ಈ ಕಟ್ಟಳೆಗೆ ತಲೆಬಾಗಿಯೇ ನಡೆದಿದ್ದ. ಈಗ ತವರಿನವರೇ ಹೇಳದೆ ಕೇಳದೆ ಬಾಗಿಲು ಹಾಕಿದರೆ ಅವನೇನು ಮಾಡಬೇಕು?

ಆರೋಗ್ಯ ಇಲಾಖೆಯ ಮಿಸ್ ಪಂಗನ್‌ಗೆ ಫೋನು ಮಾಡಿ ಗೋಳು ತೋಡಿಕೊಂಡ. ಆಕೆ ನಿಷ್ಠುರದ ಹೆಂಗಸೇನಲ್ಲ, ಆದರೆ ನಿಯಮ ಬಿಟ್ಟು ಒಂದು ಕೂದಲೆಳೆ ಆಚೀಚೆ ಹೋಗುವವಳೂ ಅಲ್ಲ.

"ಸಂಜೆ ನಾಲ್ಕರೊಳಗೆ ಬೇರೆ ಅಡಿಗೆಮನೆ ತೋರಿಸಿ, ನಾನೇ ಬಂದು ನೋಡ್ತೀನಿ. ಮೂರು ತೊಟ್ಟಿಯ ಸಿಂಕು ಇರ್ಲೇಬೇಕು. ತೊಳೆಯೋಕೊಂದು, ಜಾಲಿಸೋಕೊಂದು, ಕ್ರಿಮಿ ಸಾಯಿಸೋಕೊಂದು. ಸಿಗ್ಲಿಲ್ಲಾಂದ್ರೆ ನಿಮ್ಮ ಗಾಡಿ ಕಿಟಕಿ ಮೇಲಿನ ಪರವಾನಗಿ ಕಿತ್ಕೊಂಡು ಹೋಗ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುವುದು? ದೊಡ್ಡಾಸ್ಪತ್ರೆಯ ಗೇಟಿನೆದುರು ಅವನಿಗೊಂದು ಜಾಗವಿತ್ತು. ನರ್ಸುಗಳು, ರೋಗಿಗಳ ಕಡೆಯವರು, ಆಂಬುಲೆನ್ಸಿನವರು ಎಲ್ಲರೂ ಅವನ ಗಿರಾಕಿಗಳು. ಆ ಜಾಗಕ್ಕೆ ಯಾವ ಪತ್ರವೂ ಇಲ್ಲ. ಬೆಳಿಗ್ಗೆ ಮೊದಲು ಬಂದು ನಿಂತವನದೇ ಜಾಗ. ಒಂದು ದಿನ ತಪ್ಪಿದರೆ ನಡೆದೀತು, ಎರಡನೆಯ ದಿನವೂ ತಪ್ಪಿಸಿದರೆ ಹೋಯಿತು. ಹಿಂದೆಯೇ ಗಾಡಿ ನಿಲ್ಲಿಸುವ ಕಸಿಮೀರೊ ವರ್ಷಗಟ್ಟಲೆಯಿಂದ ಆ ಜಾಗವನ್ನು ಬೆಕ್ಕು ಮೀನು ನೋಡುವ ಹಾಗೆ ನೋಡುತ್ತಿದ್ದ.

ಸುದ್ದಿ ಕೇಳಿ ಮೊದಲು ಫೋನು ಮಾಡಿದವನೂ ಅವನೇ.

"ಅಯ್ಯೋ ಪಾಪ! ನಮ್ಮ ಕಮಿಸರೀಲಿ ಒಂದು ಸೈಕಲ್ ನಿಲ್ಲಿಸೋಕೂ ಜಾಗ ಇಲ್ಲ ಮಾರಾಯ. ಆದ್ರೆ ನೀನು ತಲೆ ಕೆಡಿಸ್ಕೋಬೇಡ. ನಿನ್ನ ಜಾಗಾನ ನಾನು ಜೋಪಾನವಾಗಿ ನೋಡ್ಕೋತೀನಿ."

ಎಲಾದಿಯೊ ಅವಸರವಾಗಿ, "ಸಂಜೆಯೊಳಗೆ ಸರಿಹೋಗತ್ತೆ, ನೀನೇನೂ ನೋಡ್ಕೋಬೇಡ" ಎಂದ. ಅವನು 'ಸ' ಅಕ್ಷರ ನುಡಿದಾಗಲೆಲ್ಲ ಒಂದು ಸೀಟಿ ಹೊರಡುತ್ತಿತ್ತು. ಮುಂದಿನ ಚಿನ್ನದ ಹಲ್ಲು ಹೋದಾಗಿನಿಂದ ಹೀಗೆ. ಜನವರಿ ಆರರ ಮೂವರು ಅರಸರ ಹಬ್ಬದಂದು ರೊಟ್ಟಿಯಲ್ಲಿದ್ದ ಗಟ್ಟಿ ಅಂಜೂರ ಕಚ್ಚಿ ಉದುರಿತು, ಅಂಜೂರದ ಜೊತೆಗೇ ನುಂಗಿಬಿಟ್ಟೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದ.

ಆಮೇಲೆ ಅಲೆದಾಟ. ಒಂದು ಕಮಿಸರಿಯವರು ಮುಂದಿನ ಬೇಸಿಗೆಗೆ ಬಾ ಎಂದರು. ಒಂದು ಬೇಕರಿಯವನು ಅಯ್ಯೋ ಎಂದು ಒಪ್ಪಿದ, ಆದರೆ ಅವನ ಸಿಂಕಿಗೆ ಎರಡೇ ತೊಟ್ಟಿ. "ಒಂದು ಬಕೆಟ್ ಇಟ್ಕೋ, ಮೂರಾಯ್ತಲ್ಲ" ಎಂದು ಸಮಾಧಾನ ಬೇರೆ ಹೇಳಿದ. ಮೂರನೆಯ ಕಡೆ ಎಲ್ಲವೂ ಇತ್ತು, ಗೇಟಿನ ಕಮಾನು ಮಾತ್ರ ತಗ್ಗು. "ಬರತ್ತೆ ಬರತ್ತೆ, ಬಿಡು" ಎಂದು ಅಲ್ಲಿದ್ದವರೆಲ್ಲ ಕೈಬೀಸಿ ಕರೆದರು. ಬಿಟ್ಟ. ಧಡಾರೆಂದಿತು. ಕೈಬೀಸಿದವರೆಲ್ಲ ಎಲ್ಲಿ ಹೋದರೋ, ಗಾಡಿಯ ಹೊಗೆಕೊಳವೆ ಮಾತ್ರ ನಮಸ್ಕಾರ ಮಾಡುವ ಹಾಗೆ ಬಾಗಿ ನಿಂತಿತ್ತು.

ಎಲಾದಿಯೊ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಅಳು ಬರಲಿಲ್ಲ, ಅದಕ್ಕೂ ತ್ರಾಣವಿರಲಿಲ್ಲ.

ಕೊಳವೆ ನೆಟ್ಟಗೆ ಮಾಡಲು ಬಂದವನು ಅವನ ಮಗಳ ದೀಕ್ಷಾಸ್ನಾನದಲ್ಲಿ ಜ್ಞಾನಪಿತನಾಗಿ ನಿಂತಿದ್ದ ವೆಂಚೊ. ಕಸುಬಿನಲ್ಲಿ ಪ್ಲಂಬರು, ಸ್ವಭಾವದಲ್ಲಿ ಪರೋಪಕಾರಿ. ಸುತ್ತಿಗೆಯಲ್ಲಿ ನಾಲ್ಕೇಟು ಹಾಕಿ ಕಣ್ಣರಳಿಸಿದ.

"ಅಲ್ಲಯ್ಯಾ, ಕಂಕುಳಲ್ಲೇ ಇಟ್ಕೊಂಡು ಊರೆಲ್ಲಾ ಹುಡುಕ್ತಿದೀಯಲ್ಲ! ನಮ್ಮ ಸಂತ ಬ್ಲಾಸರ ಇಗರ್ಜಿ ಹಾಲ್‌ನಲ್ಲಿ ಅಡಿಗೆಮನೆ ಇಲ್ವಾ? ಲೈಸೆನ್ಸ್ ಇರೋ ಅಡಿಗೆಮನೆ. ಮೂರು ತೊಟ್ಟಿಯ ಸಿಂಕು, ನಾನೇ ಕೂರಿಸಿದ್ದು!"

ಎಲಾದಿಯೊ ಬೆಚ್ಚಿಬಿದ್ದ. "ಅದೊಂದು ಬೇಡ."

"ಯಾಕೆ?"

"ಅಲ್ಲಿ... ಗಾಳಿ ಆಡಲ್ಲ."

"ಗಾಳಿ ಕಟ್ಕೊಂಡು ಏನ್ಮಾಡ್ತೀಯ? ನಾಲ್ಕು ಗಂಟೆಗೆ ಆ ಮಿಸ್ಸು ಬರ್ತಾಳೆ. ಬೀಗದ ಕೈ ದೋನ್ಯಾ ಕ್ರಿಸ್ಪೀನ ಹತ್ರ ಇದೆ. ತಾಳು, ಈಗ್ಲೇ ಫೋನು ಹಚ್ತೀನಿ."

ಬೇಡ ಎನ್ನುವಷ್ಟರಲ್ಲಿ ವೆಂಚೊ ಫೋನಿನಲ್ಲಿ ಆಕೆಗೆ ಬೆಣ್ಣೆ ಹಚ್ಚಲು ಶುರುಮಾಡಿಯಾಗಿತ್ತು.

ಎಲ್ಲರೂ ದೋನ್ಯಾ, ಅಂದರೆ ಅಮ್ಮಾವ್ರು, ಎಂದೇ ಕರೆಯುವ ಕ್ರಿಸ್ಪೀನ ಇಗರ್ಜಿಯ ಹೆಂಗಸರ ಸಂಘದ ಯಜಮಾನಿ. ಪಾದ್ರಿಗಳೂ ಆಕೆ ಬಂದರೆ ಎದ್ದು ನಿಲ್ಲುತ್ತಿದ್ದರು. ನಾಲ್ಕು ವಾರದಿಂದ ಆಕೆ ಕೆಂಡದಂತಿದ್ದಳು. ಕಾರಣ ಅದೇ ಅರಸರ ಹಬ್ಬದ ರೊಟ್ಟಿ. ಬಳೆಯಾಕಾರದ ಆ ರೊಟ್ಟಿಯೊಳಗೆ ಬೆರಳ ಗೆಣ್ಣಿನಷ್ಟು ಚಿಕ್ಕ ಬಾಲಯೇಸುವಿನ ಗೊಂಬೆ ಇಟ್ಟಿರುತ್ತಾರೆ. ಅದು ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಫೆಬ್ರವರಿ ಎರಡರ ದೀಪದ ಹಬ್ಬಕ್ಕೆ ಎಲ್ಲರಿಗೂ ತಮಾಲೆ ಮಾಡಿ ಬಡಿಸಬೇಕು. ಈ ವರ್ಷ ರೊಟ್ಟಿ ಮುಗಿಯಿತು, ಗೊಂಬೆ ಮಾತ್ರ ಯಾರಿಗೂ ಸಿಗಲಿಲ್ಲ. ದೀಪದ ಹಬ್ಬ ನಾಳೆಯೇ.

"ನನ್ನ ಕೈಯಾರೆ ಹಿಟ್ಟಿನೊಳಗೆ ಇಟ್ಟಿದ್ದೀನಿ" ಎಂದು ಬಾಗಿಲು ತೆಗೆಯುತ್ತಲೇ ಆಕೆ ಶುರುಮಾಡಿದಳು. "ಯಾವನೋ ಕಳ್ಳ ನುಂಗಿದಾನೆ. ನುಂಗ್ಲಿ. ಸಂತ ಬ್ಲಾಸರು ಗಂಟಲಿನ ಸಂತರು, ಅವರೇ ವಿಚಾರಿಸ್ಕೋತಾರೆ. ನೀನೇನಪ್ಪ, ಯಾಕೆ ಬೆವರ್ತಿದೀಯ?"

"ಸೆಖೆ" ಎಂದು ಎಲಾದಿಯೊ ಸೀಟಿ ಹೊಡೆದ.

"ಅಡಿಗೆಮನೆ ಕೊಡ್ತೀನಿ. ಆದ್ರೆ ಕನ್ನಡಿ ಹಾಗಾಗ್ಬೇಕು."

ಸಂಘದ ಹೆಂಗಸರು ಗೋಡೆಗೊರಗಿ ಸಾಲಾಗಿ ನಿಂತು ಬೆರಳು ತೋರಿಸಿದರು, ಎಲಾದಿಯೊ ತಿಕ್ಕಿದ. "ಒಲೆ ಹಿಂದೆ", "ಕಪಾಟಿನ ಮೇಲೆ", "ಅಲ್ಲಿ ಅಲ್ಲ, ಅಲ್ಲಿ". ಮಂಡಿ ಚಿಪ್ಪು ಕಳಚಿಬೀಳುವುದೊಂದು ಬಾಕಿ. ಸಿಂಕಿನ ಹತ್ತಿರ ಮಾತ್ರ ಯಾರನ್ನೂ ಬಿಡದೆ ತಾನೇ ಹೋಗಿ, ನಡುವಿನ ತೊಟ್ಟಿಯ ಮೇಲೊಂದು ತಟ್ಟೆ ಕವುಚಿಟ್ಟ.

ನಾಲ್ಕಕ್ಕೆ ಸರಿಯಾಗಿ ಮಿಸ್ ಪಂಗನ್ ಬಂದಳು. ಫ್ರಿಜ್ಜಿಗೆ ಜ್ವರದ ಕಡ್ಡಿಯಂಥದೊಂದನ್ನು ಚುಚ್ಚಿ ನೋಡಿದಳು, ಒಲೆಯ ಮೇಲಿನ ಹೊಗೆಗೂಡಿಗೆ ಬ್ಯಾಟರಿ ಬಿಟ್ಟಳು, ನೆಲಕ್ಕೆ ಬೆರಳು ಒತ್ತಿ ಮೂಸಿದಳು. ಎಲ್ಲದಕ್ಕೂ ತಲೆದೂಗಿದಳು. ಎಲಾದಿಯೊನಿಗೆ ಬೆಳಗಿನಿಂದ ಮೊದಲ ಬಾರಿ ಉಸಿರು ಪೂರ್ತಿ ಒಳಗೆ ಹೋಯಿತು.

"ಕೊನೇದು. ಮೂರು ತೊಟ್ಟೀನೂ ತುಂಬಿಸಿ, ಒಟ್ಟಿಗೆ ಬಿಡಿ."

ಮೊದಲನೆಯ ತೊಟ್ಟಿಯ ನೀರು ಗುಳುಗುಳು ಎಂದು ಇಳಿಯಿತು. ಮೂರನೆಯದೂ ಇಳಿಯಿತು. ನಡುವಿನ ತೊಟ್ಟಿಯಲ್ಲಿ ನೀರು ಕೆರೆಯಂತೆ ನಿಂತೇ ಇತ್ತು.

"ನೀರು ಇಳೀದಿದ್ರೆ ಒಪ್ಪಿಗೆ ಕೊಡಕ್ಕಾಗಲ್ಲ."

"ನನ್ನ ಕೊಳವೆ ಕಟ್ಕೊಳ್ಳೋದಾ? ಮರ್ಯಾದೆ ಪ್ರಶ್ನೆ!" ಎಂದು ವೆಂಚೊ ಸ್ಪ್ಯಾನರು ಹಿಡಿದು ಸಿಂಕಿನ ಕೆಳಗೆ ನುಗ್ಗಿದ.

"ಬೇಡ ವೆಂಚೊ, ನಿನ್ನ ಕಾಲಿಗೆ ಬೀಳ್ತೀನಿ, ಬಿಸಿನೀರು ಹುಯ್ದರೆ ತಾನಾಗೇ..."

ಭುಸ್ ಎಂದು ಕೊಳೆನೀರು ಬಕೆಟಿಗೆ ಸುರಿಯಿತು. ಅದರ ಜೊತೆಗೆ ಟಣ್ ಎಂದು ಒಂದು ಬಿಳಿಯ ಗೊಂಬೆ ಬಿತ್ತು. ಹಿಂದೆಯೇ ಟಿಣ್ ಎಂದು ಇನ್ನೇನೋ ಹೊಳೆಯುವಂಥದು.

ದೋನ್ಯಾ ಕ್ರಿಸ್ಪೀನ ಗೊಂಬೆಯನ್ನು ಸೆರಗಿನಂತೆ ಇಳಿಬಿಟ್ಟಿದ್ದ ಶಾಲಿನಲ್ಲಿ ಒರೆಸಿ, ಮುತ್ತಿಟ್ಟು, ಎದೆಗವಚಿಕೊಂಡಳು. ಹೊಳೆಯುವುದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಚಿನ್ನದ ಹಲ್ಲು.

"ಎಲಾದಿಯೊ, ಬಾಯಿ ತೆರಿ."

ತೆರೆಯಬೇಕಾದ ಅಗತ್ಯವೇ ಇರಲಿಲ್ಲ. ಅಂದು ರೊಟ್ಟಿ ಕಚ್ಚಿದ ಕೂಡಲೇ ಹಲ್ಲಿಗೆ ಗೊಂಬೆ ಸಿಕ್ಕಿತ್ತು. ಇಡೀ ಇಗರ್ಜಿಯವರ ಹೊಟ್ಟೆಗಳೆಲ್ಲ ಅವನ ಕಣ್ಣೆದುರು ಸುಳಿದಿದ್ದವು. ಗೊಂಬೆಯನ್ನು ದವಡೆಗೆ ಸರಿಸಿ, ನಗುನಗುತ್ತ ಎಲ್ಲರಿಗೂ ಹಬ್ಬದ ಶುಭಾಶಯ ಹೇಳುತ್ತ, ಅಡಿಗೆಮನೆಗೆ ಬಂದು ಸಿಂಕಿಗೆ ಉಗಿದಿದ್ದ. ಸಡಿಲವಾಗಿದ್ದ ಹಲ್ಲೂ ಜೊತೆಗೆ ಹೋಗಿತ್ತು. ಹಲ್ಲು ಬೇಕೆಂದರೆ ಗೊಂಬೆಯ ಕತೆ ಹೇಳಬೇಕು. ಅದಕ್ಕೇ ತಿಂಗಳಿಡೀ ಸೀಟಿ ಹೊಡೆದುಕೊಂಡಿದ್ದ.

"ನಾಳೆ ಇಗರ್ಜೀಲಿ ಪೂಜೆ ಮುಗಿದ ಕೂಡ್ಲೆ" ಎಂದಳು ಕ್ರಿಸ್ಪೀನ, "ಇನ್ನೂರು ಜನಕ್ಕೆ."

"ದೋನ್ಯಾ, ದಮ್ಮಯ್ಯ! ಇವತ್ತಂತೂ ಹೋಯ್ತು, ನಾಳೆ ಬೆಳಿಗ್ಗೆನೂ ಗಾಡಿ ನಿಲ್ಲಿಸ್ಲಿಲ್ಲಾಂದ್ರೆ ಆ ಕಸಿಮೀರೊ ನನ್ನ ಜಾಗ ನುಂಗ್ತಾನೆ. ಹೆಂಡ್ತಿ ಮಕ್ಕಳು ಇರೋನು ನಾನು!"

ಅವನ ದನಿ ಕೇಳಿ ಗೋಡೆಗೊರಗಿದ್ದ ಹೆಂಗಸರಿಗೆ ಕರುಳು ಚುರುಕ್ಕೆಂದಿತು. ತಮಾಲೆ ಎಂದರೆ ಸಾಮಾನ್ಯವೇ? ಮೆಕ್ಕೆಜೋಳದ ಹಿಟ್ಟು ನಾದಿ, ಹೂರಣ ಬೇಯಿಸಿ, ಒಂದೊಂದನ್ನೂ ಸಿಪ್ಪೆಯಲ್ಲಿ ಕಟ್ಟಿ ಹಬೆಗಿಡುವುದರಲ್ಲಿ ಸೊಂಟ ಬಿದ್ದುಹೋಗುತ್ತದೆ. "ಹೋಗ್ಲಿ ಬಿಡಿ ದೋನ್ಯಾ" ಎಂದಳೊಬ್ಬಳು. "ನಾವೆಲ್ಲ ಮನೇಲಿ ಒಂದೊಂದು ಹಂಡೆ ಮಾಡ್ಕೊಂಡ್ ಬರ್ತೀವಿ. ಅವನು ಬೆಳಿಗ್ಗೆ ಗಾಡಿಗೆ ಹೋಗ್ಲಿ."

ಕ್ರಿಸ್ಪೀನಳೂ ಗೊಣಗಿಕೊಂಡು ತಲೆಯಾಡಿಸಿದಳು. ಎಲಾದಿಯೊನ ಕಣ್ಣಲ್ಲಿ ನೀರೇ ಬಂತು.

ಮಿಸ್ ಪಂಗನ್ ಒಪ್ಪಿಗೆಗೆ ಸಹಿ ಹಾಕಿ ಪೆನ್ನು ಮುಚ್ಚುತ್ತಿದ್ದವಳು ತಲೆಯೆತ್ತಿದಳು.

"ಅದಾಗಲ್ಲ. ಈಗ ಇದು ಕಮಿಸರಿ. ಮನೇಲಿ ಮಾಡಿದ್ದನ್ನ ಇಲ್ಲಿಗೆ ತರೋ ಹಾಗಿಲ್ಲ. ಇಲ್ಲಿ ಬಡಿಸೋದನ್ನ ಇಲ್ಲೇ ಮಾಡಬೇಕು, ಪರವಾನಗಿ ಇರೋರೇ ನಿಂತು ಮಾಡಬೇಕು."

"ಪರವಾನಗಿ ಯಾರಿಗಿದೆ?" ಹೆಂಗಸರು ಕೇಳಿದರು.

"ಸದ್ಯಕ್ಕೆ ಇವರೊಬ್ಬರಿಗೇ." ಮಿಸ್ ಪಂಗನ್ ಎಲಾದಿಯೊನ ಕಡೆ ಪೆನ್ನು ತೋರಿಸಿದಳು.

"ಮುಂದಿನ ವರ್ಷ?" ಕ್ರಿಸ್ಪೀನ ಕೇಳಿದಳು.

"ಮುಂದಿನ ವರ್ಷಾನೂ. ಆಮೇಲೂನೂ." ಮಿಸ್ ಪಂಗನ್ ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು, "ಹಸಿಮೆಣಸಿನಕಾಯಿ ಹಾಕಿದ್ದೂ ಇರತ್ತಾ? ನಾನೂ ಪೂಜೆಗೆ ಬರ್ತೀನಿ."

ಎಲಾದಿಯೊನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಸಿಮೀರೊ. "ಏನಯ್ಯ, ಅಡಿಗೆಮನೆ ಸಿಕ್ತಂತೆ! ನಾಳೆ ಬರ್ತೀಯ ತಾನೆ?"

"ಸಾಧ್ಯ ಇಲ್ಲ" ಎಂದು ಎಲಾದಿಯೊ ಸೀಟಿ ಹೊಡೆದು ಫೋನು ಇಟ್ಟ.

ಕ್ರಿಸ್ಪೀನ ಗೊಂಬೆಯನ್ನು ಜೇಬಿಗಿಳಿಸಿ, ಚಿನ್ನದ ಹಲ್ಲನ್ನು ಅವನ ಅಂಗೈಯಲ್ಲಿಟ್ಟು ಮುಚ್ಚಿದಳು.

"ಇನ್ಮೇಲೆ ರೊಟ್ಟಿಯೊಳಗೆ ಗೊಂಬೆ ಇಡೋದೇ ಬೇಡ ಬಿಡ್ರಮ್ಮ" ಎಂದಳು ಹೆಂಗಸರ ಕಡೆ ತಿರುಗಿ. "ಯಾರಿಗೆ ಸಿಗತ್ತೆ ಅಂತ ಗೊತ್ತೇ ಇದೆಯಲ್ಲ."