ಅವರೆಕಾಯಿ ಕಾಲದ ಕುದುರೆ

ಪುಟ್ಟೇನಹಳ್ಳಿಯ ವೇಣುಗೋಪಾಲ್ ಮನೆಯಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಕುದುರೆ ನಿಂತಿತ್ತು. ಕಾರು ಹೊರಗೆ ರಸ್ತೆಯಲ್ಲಿತ್ತು. ಇವೆರಡರಲ್ಲಿ ಹೆಚ್ಚು ಓಡುತ್ತಿದ್ದುದು ಕಾರು. ಅದರ ಬ್ಯಾಟರಿ ಸತ್ತು ತಿಂಗಳಾಗಿತ್ತು.

ಆ ಬೆಳಿಗ್ಗೆ ವೇಣುಗೋಪಾಲ್‌ನ ಹೆಂಡತಿ ಜ್ಯೋತಿಲಕ್ಷ್ಮಿ ಬಾಗಲೂರಿನ ತವರುಮನೆಗೆಂದು ಸ್ಕೂಟರ್ ಹತ್ತಿದಳು. ಹತ್ತುವ ಮೊದಲು ಕುದುರೆಯನ್ನೂ ಗಂಡನನ್ನೂ ಒಂದೇ ಕಣ್ಣಿನಿಂದ ನೋಡಿದಳು.

"ಸಾಯಂಕಾಲ ಬರ್ತೀನಿ. ಅಷ್ಟೊತ್ತಿಗೆ ಈ ಮನೇಲಿ ಕುದುರೆ ಇರ್ಬಾರ್ದು, ಇಲ್ಲಾ ನೀವಿರ್ಬಾರ್ದು. ಇಬ್ರೂ ಇಲ್ದಿದ್ರೆ ಇನ್ನೂ ಅನುಕೂಲ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ವೇಣುಗೋಪಾಲ್ ತನ್ನ ಪಾಲಿಗೆ ಬಂದಿದ್ದ ಸೈಟನ್ನು ಮಾರಿ ಈ ಕುದುರೆ ಕೊಂಡಿದ್ದ. ಅದರ ತಾತ ಯಾವುದೋ ದೇಶದಲ್ಲಿ ಕಪ್ ಗೆದ್ದಿದ್ದನಂತೆ. ಹೆಸರು ರಾಯಲ್ ಥಂಡರ್. ಮೊದಲನೇ ರೇಸಿನಲ್ಲಿ ಗೇಟು ತೆರೆದಾಗ ಉಳಿದ ಕುದುರೆಗಳು ಹೋದವು. ರಾಯಲ್ ಥಂಡರ್ ಹೊರಗೆ ಬಂದು, ಬಿಸಿಲು ಎಷ್ಟಿದೆ ಎಂದು ನೋಡಿ, ಆಮೇಲೆ ಹೊರಟಿತು. ಎರಡನೇ ರೇಸಿನಲ್ಲಿ ಅದು ಗುರಿ ಮುಟ್ಟುವ ಹೊತ್ತಿಗೆ ಮುಂದಿನ ರೇಸಿನ ಕುದುರೆಗಳು ಬಂದು ದಾರಿ ಬಿಡಿ ಎನ್ನುವಂತೆ ನಿಂತಿದ್ದವು. ಹೆಬ್ಬಾಳದಿಂದ ಬಂದ ಡಾಕ್ಟರು ಹಲ್ಲು, ಕಾಲು, ಹೃದಯ ಎಲ್ಲ ನೋಡಿ, "ಕುದುರೆಗೇನೂ ಆಗಿಲ್ಲ ಸಾರ್. ಓಡೋಕೆ ಅದಕ್ಕೊಂದು ಕಾರಣ ಕಾಣ್ತಿಲ್ಲ, ಅಷ್ಟೇ" ಎಂದಿದ್ದರು. ಕಡೆಗೆ ಟ್ರೇನರು, "ಇಲ್ಲಿ ಲಾಯದ ಖರ್ಚು ಯಾಕೆ ನಿಮ್ಗೆ? ಮನೆಗ್ ಕರ್ಕೊಂಡ್ಹೋಗಿ, ಮಕ್ಕಳಿದ್ರೆ ಇಷ್ಟಪಡ್ತಾವೆ" ಎಂದು ಕೈ ಮುಗಿದ. ಮನೆಗೆ ಬಂದ ವಾರದಲ್ಲೇ ಬೀದಿಯವರು ಅದಕ್ಕೆ ತಂಡ್ರಪ್ಪ ಎಂದು ಹೆಸರಿಟ್ಟರು.

ಜ್ಯೋತಿಲಕ್ಷ್ಮಿಯ ಸ್ಕೂಟರ್ ತಿರುವಿನಲ್ಲಿ ಮರೆಯಾಗುತ್ತಿದ್ದಂತೆ ವೇಣುಗೋಪಾಲ್‌ನ ಫೋನು ಹೊಡೆದುಕೊಂಡಿತು.

"ಸಾರ್, ನನ್ ಹೆಸರು ನಂದಕುಮಾರ್ ಅಂತ. ನಿಮ್ ಕುದುರೆ ವಿಷ್ಯ ರೇಸ್ ಕೋರ್ಸಲ್ಲಿ ಎಲ್ಲಾ ಕೇಳ್ದೆ. ನಾನು ಹುಡುಕ್ತಿದ್ದಿದ್ದು ಅಂಥದ್ನೇ. ಸಾಯಂಕಾಲ ಬರ್ತೀನಿ, ಇಷ್ಟ ಆದ್ರೆ ಇವತ್ತೇ ಕರ್ಕೊಂಡ್ಹೋಗ್ತೀನಿ."

ಫೋನು ಕಿವಿಯಲ್ಲೇ ಇಟ್ಟುಕೊಂಡು ವೇಣುಗೋಪಾಲ್ ರಸ್ತೆ ದಾಟಿದ. ಎಲ್ಲಾ ಕೇಳಿದ ಮೇಲೂ ಅಂಥದ್ದೇ ಬೇಕು ಎನ್ನುವ ಮನುಷ್ಯ ಭೂಮಿಯ ಮೇಲೆ ಇರಲು ಸಾಧ್ಯವೇ? ಅವನು ಈ ಪ್ರಶ್ನೆಯನ್ನು ಎದುರುಮನೆಯ ಲಕ್ಕಣ್ಣನ ಮುಂದಿಟ್ಟ. ಲಕ್ಕಣ್ಣ ರಿಟೈರಾದ ಬಸ್ ಡ್ರೈವರು. ಕೂತ ಕುರ್ಚಿಯಲ್ಲೇ ಇಂದಿಗೂ ಎಡಕ್ಕೆ ಬಲಕ್ಕೆ ಕತ್ತು ತಿರುಗಿಸಿ ನೋಡಿ ಆಮೇಲೆ ಏಳುತ್ತಿದ್ದ.

"ಯಾರೋ ಪುಣ್ಯಾತ್ಮ ಅವ್ನತ್ರ ಸುಳ್ಳೇಳವ್ನೆ ಕಣೋ ವೇಣು. ಇದು ಗಾಳಿ ಓಡ್ದಂಗ್ ಓಡ್ತದೆ ಅಂತ. ಆ ಸುಳ್ನ ಸಾಯಂಕಾಲದೊಳ್ಗೆ ನಿಜ ಮಾಡ್ಬೇಕು, ಅಷ್ಟೇಯಾ."

"ಎಂಗೆ?"

"ಎಂಗೆ ಅಂದ್ರೆ? ಗಾಡಿ ತಳ್ಳಿ ಸ್ಟಾರ್ಟ್ ಮಾಡಲ್ವಾ?"

ತಂಡ್ರಪ್ಪನನ್ನು ರಸ್ತೆಗೆ ತಂದರು. ಲಕ್ಕಣ್ಣ ಹಿಂದಿನಿಂದ ತಳ್ಳಿದ. ಕುದುರೆ ತಿರುಗಿ ನೋಡಿ, ಇವರಿಗೆ ವಯಸ್ಸಾಯಿತು ಎಂಬಂತೆ ಮುಖ ಆ ಕಡೆ ಮಾಡಿತು. ಲಕ್ಕಣ್ಣ ಮನೆಯಿಂದ ಹಳೇ ಬಸ್ಸಿನ ಹಾರನ್ ತಂದು ಅದರ ಬಾಲದ ಹತ್ತಿರ ಒತ್ತಿದ. ಮೂರು ಮನೆಯವರು ಗೇಟಿಗೆ ಓಡಿ ಬಂದರು, ಕುದುರೆ ಮಾತ್ರ ಎಲ್ಲಿಗೂ ಓಡಲಿಲ್ಲ.

ಗದ್ದಲ ಕೇಳಿ ಮೂಲೆಮನೆಯ ಬಸವಕಿರಣ ಬಂದ. ಅವನು ಜಿಮ್ ಇಟ್ಟಿದ್ದ, ಬೀದಿಯವರೆಲ್ಲರ ಹೊಟ್ಟೆಯ ಮೇಲೂ ಅವನಿಗೊಂದು ಕಣ್ಣಿತ್ತು.

"ಅಂಕಲ್, ಮೋಟಿವೇಶನ್ ಇಲ್ಲ ಇದಕ್ಕೆ. ನಾನು ಮುಂದೆ ಓಡ್ತೀನಿ, ಅದು ನನ್ನ ನೋಡ್ಕೊಂಡ್ ಫಾಲೋ ಮಾಡುತ್ತೆ."

ಬಸವಕಿರಣ ಕೆರೆಯವರೆಗೂ ಓಡಿ ವಾಪಸು ಓಡಿ ಬಂದ. ತಂಡ್ರಪ್ಪ ನಿಂತಲ್ಲೇ ನಿಂತು ಅವನು ಹೋದದ್ದನ್ನೂ ಬಂದದ್ದನ್ನೂ ನೋಡಿತು.

"ರನ್ನಿಂಗ್ ಚೆನ್ನಾಗೈತೆ ನಿಂದು," ಎಂದ ಲಕ್ಕಣ್ಣ. "ಬರೋನಿಗೆ ನಿನ್ನೇ ತೋರ್ಸಾಣ?"

ಅಷ್ಟರಲ್ಲಿ ತಲೆಯ ಮೇಲೆ ಆಕಾಶ ಸೀಳಿಕೊಂಡಿತು. ಏರ್ ಶೋ ಹತ್ತಿರ ಬಂದಿತ್ತು, ವಿಮಾನಗಳು ಅಭ್ಯಾಸಕ್ಕೆ ಹಾರುತ್ತಿದ್ದವು. ಕಿಟಕಿಗಳು ನಡುಗಿದವು, ನಾಯಿಗಳು ಕಾರುಗಳ ಕೆಳಗೆ ಸೇರಿದವು, ಬಸವಕಿರಣ ಕೂಡ ಬಗ್ಗಿದ. ತಂಡ್ರಪ್ಪ ಒಂದು ಕಿವಿಯನ್ನೂ ಅಲ್ಲಾಡಿಸಲಿಲ್ಲ.

"ಕಿವಿ ಕೇಳ್ಸಲ್ವೇನೋ ಇದ್ಕೆ," ಎಂದ ವೇಣುಗೋಪಾಲ್.

ಪಕ್ಕದ ಮನೆಯ ಜಗುಲಿಯಲ್ಲಿ ಸೊಣ್ಣಮ್ಮ ಬೆಳಿಗ್ಗೆಯಿಂದ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಅವರೆಯ ಸೊಗಡಿನ ಕಾಲ, ಬೀದಿಯ ಪ್ರತಿ ಗೇಟಿನ ಮುಂದೆಯೂ ಸಿಪ್ಪೆಯ ಗುಡ್ಡೆ. ತಂಡ್ರಪ್ಪ ಪುಟ್ಟೇನಹಳ್ಳಿಗೆ ಬಂದಾಗಿನಿಂದ ಹುರುಳಿ ಮೂಸುತ್ತಿರಲಿಲ್ಲ, ಈ ಗುಡ್ಡೆಗಳ ಮುಂದೆ ಒಂದೊಂದಾಗಿ ನಿಂತು ಮೇಯುವುದೇ ಅದರ ದಿನಚರಿ. ಸೊಣ್ಣಮ್ಮನ ಗುಡ್ಡೆ ಅದಕ್ಕೆ ವಿಶೇಷ ಇಷ್ಟ.

ಆಗ ಕಸದ ಆಟೋ ಹಾಡು ಹಾಕಿಕೊಂಡು ಬಂತು. ಸೊಣ್ಣಮ್ಮ ಎದ್ದು, ಇಡೀ ಬುಟ್ಟಿ ಸಿಪ್ಪೆಯನ್ನು ಆಟೋದೊಳಗೆ ಸುರಿದಳು. ಆಟೋ ಓಡಿಸುವ ಮುನಿರತ್ನ ಗೇರ್ ಹಾಕಿ ಹೊರಟ.

ತಂಡ್ರಪ್ಪ ತಲೆ ಎತ್ತಿತು.

ಆಮೇಲೆ ನಡೆದದ್ದನ್ನು ಆ ಮೂವರೂ ಇವತ್ತಿಗೂ ಬೇರೆ ಬೇರೆ ರೀತಿ ಹೇಳುತ್ತಾರೆ. ಕುದುರೆ ಇದ್ದಲ್ಲಿ ಧೂಳು ಇತ್ತು, ಕುದುರೆ ಕೆರೆಯ ತಿರುವಿನಲ್ಲಿತ್ತು ಎನ್ನುವುದರಲ್ಲಿ ಮಾತ್ರ ಒಮ್ಮತವಿದೆ. ಕನ್ನಡಿಯಲ್ಲಿ ಹಿಂದೆ ನೋಡಿದ ಮುನಿರತ್ನ ಜೀವಮಾನದಲ್ಲೇ ಮೊದಲ ಬಾರಿಗೆ ಟಾಪ್ ಗೇರಿಗೆ ಹೋದ. ಕೆರೆ ಸುತ್ತಿ, ಹಿಂಬದಿ ರಸ್ತೆಯಿಂದ ಮತ್ತೆ ಅದೇ ಬೀದಿಗೆ ಬಂದು, ಗಾಡಿ ನಿಲ್ಲಿಸಿ ಸೊಣ್ಣಮ್ಮನ ಮನೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡ. ತಂಡ್ರಪ್ಪ ಆಟೋದೊಳಗೆ ಕತ್ತು ಹಾಕಿ ನೆಮ್ಮದಿಯಾಗಿ ಮೇಯತೊಡಗಿತು.

"ಕಾರಣ ಕಾಣ್ತು ಅದಕ್ಕೆ," ಎಂದ ವೇಣುಗೋಪಾಲ್ ಮೆಲ್ಲಗೆ.

ಉಳಿದದ್ದೆಲ್ಲ ಲಕ್ಕಣ್ಣನ ಏರ್ಪಾಡು. ಬೀದಿಯ ಅಷ್ಟೂ ಸಿಪ್ಪೆ ಮುನಿರತ್ನನ ಆಟೋ ಸೇರಬೇಕು. ಲಕ್ಕಣ್ಣ ಶಿಳ್ಳೆ ಹಾಕಿದಾಗ ಆಟೋ ಕುದುರೆಯ ಮುಂದೆ ಹಾದು ಕೆರೆ ಸುತ್ತಬೇಕು. ಬಸವಕಿರಣ ಹೆಲ್ಮೆಟ್ ಹಾಕಿ ಕುದುರೆಯ ಮೇಲೆ ಕೂರಬೇಕು. ಮುನಿರತ್ನ ಕೊಂಚ ಕೊಸರಾಡಿದ. ಸೊಣ್ಣಮ್ಮ ಹಿತಕಿದ ಬೇಳೆ ಸಾರು, ಮುದ್ದೆ ಇಟ್ಟಳು. ಎರಡನೇ ಮುದ್ದೆಗೆ ಅವನು ಒಪ್ಪಿದ.

ಸಾಯಂಕಾಲಕ್ಕೆ ಸ್ವಲ್ಪ ಮುಂಚೆ ನಂದಕುಮಾರ್ ಬಂದ. ದುಂಡನೆಯ ಮೈ, ಬಿಳೀ ಷರ್ಟು, ಹಣೆಯಲ್ಲಿ ಕುಂಕುಮ. ಕುದುರೆಯ ಸುತ್ತ ಒಂದು ಸುತ್ತು ಬಂದ. ಅದೇ ಗಳಿಗೆಗೆ ಎರಡು ವಿಮಾನಗಳು ಮಹಡಿ ತಾರಸಿ ಸವರಿಕೊಂಡು ಹೋದವು. ತಂಡ್ರಪ್ಪ ರೆಪ್ಪೆ ಬಡಿಯಲಿಲ್ಲ.

ವೇಣುಗೋಪಾಲ್ ಅವಸರದಿಂದ ನಡುವೆ ಬಂದ. "ಅದು ಯಾವಾಗ್ಲೂ ಇಂಗಿರಲ್ಲ ಸಾರ್..."

"ಅಯ್ಯೋ, ಬಂಗಾರದಂಥ ಕುದುರೆ ಸಾರ್ ಇದು," ಎಂದ ನಂದಕುಮಾರ್. ಅವನ ಮುಖದಲ್ಲಿ ದೇವರ ದರ್ಶನವಾದವನ ಕಳೆ ಇತ್ತು. "ತಗೊಂಡೆ ಅಂದ್ಕೊಳ್ಳಿ. ವ್ಯಾನ್ ಕರೆಸ್ಲಾ?"

ವೇಣುಗೋಪಾಲ್‌ಗೆ ಏನೂ ಅರ್ಥವಾಗಲಿಲ್ಲ. ಲಕ್ಕಣ್ಣ ಅವನನ್ನು ಪಕ್ಕಕ್ಕೆ ಎಳೆದ.

"ಓಡಿಸ್ದೆ ಕೊಟ್ರೆ ನಾಳೆ ವಾಪಸ್ ತಂದ್ಬಿಡ್ತಾನೆ ಕಣೋ. ಕಣ್ಣಾರೆ ತೋರ್ಸ್ಬಿಡು."

ಅದೂ ನ್ಯಾಯ ಎನ್ನಿಸಿತು. ವೇಣುಗೋಪಾಲ್ ವಾಪಸು ಬಂದು, "ಸಾರ್, ಒಂದ್ಸಲ ಓಡೋದ್ ನೋಡ್ಬಿಡಿ" ಎಂದ.

"ಬೇಡ ಸಾರ್, ಅದೆಲ್ಲಾ ಯಾಕೆ?"

"ಇಲ್ಲ ಸಾರ್, ನೋಡ್ಲೇಬೇಕು."

"ನಂಗೆ ನಂಬ್ಕೆ ಇದೆ ಸಾರ್."

"ನಂಬ್ಕೆ ಮೇಲೆ ಕುದುರೆ ಕೊಡೋ ಮನುಷ್ಯ ಅಲ್ಲ ನಾನು," ಎಂದ ವೇಣುಗೋಪಾಲ್. ಬೆಳಿಗ್ಗೆಯಿಂದ ಇಲ್ಲದ ಧೈರ್ಯ ಅವನಿಗೆ ಎಲ್ಲಿಂದಲೋ ಬಂದಿತ್ತು. "ಲಕ್ಕಣ್ಣ, ಹೊಡೀರಿ ಶಿಳ್ಳೆ."

ಆಟೋ ಹಾಡುತ್ತಾ ಹಾದುಹೋಯಿತು. ಇಡೀ ಬೀದಿಯ ಅವರೆ ಸಿಪ್ಪೆಯ ಘಮಲು ಗಾಳಿಯಲ್ಲಿ ತೇಲಿತು. ಬಸವಕಿರಣ "ರೆಡಿ ಅಂ" ಎನ್ನುವಷ್ಟರಲ್ಲಿ ಉಳಿದ ಅಕ್ಷರಗಳು ಕೆರೆಯ ಕಡೆಯಿಂದ ಕೇಳಿಬಂದವು.

ಬೀದಿ ಕೇಕೆ ಹಾಕಿತು. ವೇಣುಗೋಪಾಲ್ ಹೆಮ್ಮೆಯಿಂದ ನಂದಕುಮಾರ್ ಕಡೆ ತಿರುಗಿದ. ಆ ಮನುಷ್ಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ.

"ಏನ್ ಸಾರ್ ಇದು? ಓಡೋದೇ ಇಲ್ಲ ಅಂತ ರೇಸ್ ಕೋರ್ಸಲ್ಲಿ ದೇವರಾಣೆ ಇಟ್ಟು ಹೇಳಿದ್ರು."

"ಆಂ?"

"ನಂದು ಮದುವೆ ಮೆರವಣಿಗೆ ಕಾಂಟ್ರಾಕ್ಟ್ ಸಾರ್. ಗಂಡನ್ನ ಕುದುರೆ ಮೇಲೆ ಕೂರ್ಸೋದು. ಹೋದ ತಿಂಗಳು ಬ್ಯಾಂಡ್ ಹೊಡೆದ ತಕ್ಷಣ ನನ್ ಕುದುರೆ ಗಂಡನ್ನ ಎತ್ಕೊಂಡು ದೇವನಹಳ್ಳಿ ಕಡೆಗೆ ಹೋಯ್ತು. ಮುಹೂರ್ತ ಮೀರೋಯ್ತು. ಆ ಹುಡುಗ ಸಿಕ್ದ, ಆದ್ರೆ ಈಗ ಮದ್ವೇನೇ ಬೇಡ ಅಂತಾನಂತೆ. ಬಾಂಬ್ ಬಿದ್ರೂ ನಿಂತಲ್ಲೇ ನಿಲ್ಲೋ ಕುದುರೆಗೆ ಊರೆಲ್ಲಾ ಹುಡುಕ್ತಿದ್ದೆ. ಆ ವಿಮಾನಕ್ಕೂ ಜಗ್ಗದೆ ನಿಂತಿತ್ತಲ್ಲ, ಕಣ್ಣಲ್ಲಿ ನೀರು ಬಂತು ನಂಗೆ."

"ಸಾರ್, ಅದು ಓಡಲ್ಲ ಸಾರ್," ಎಂದ ವೇಣುಗೋಪಾಲ್. "ನನ್ ಮಾತು ನಂಬಿ. ನಿಜವಾಗ್ಲೂ ಓಡಲ್ಲ. ಅವರೆ ಸಿಪ್ಪೆ ಇದ್ರೆ ಮಾತ್ರ..."

"ಮದುವೆ ಮನೇಲಿ ಅವರೆಕಾಯಿ ಇರಲ್ವಾ ಸಾರ್?" ಎಂದು ನಂದಕುಮಾರ್ ಎದ್ದ. "ಈ ಕಾಲದಲ್ಲಿ ಅಡುಗೆಮನೆ ತುಂಬಾ ಅದೇ." ತನ್ನ ಕಾರು ಹತ್ತಿ ಹೊರಟೇ ಹೋದ.

ಆಟೋ ಬೀದಿಗೆ ವಾಪಸು ಬಂತು. ಅದರ ಹಿಂದೆ ತಂಡ್ರಪ್ಪ, ಅದರ ಕತ್ತು ತಬ್ಬಿಕೊಂಡ ಬಸವಕಿರಣ, ಹೆಲ್ಮೆಟ್ ಹಿಂದುಮುಂದಾಗಿ. ಅದರ ಹಿಂದೆ, ಬಹಳ ಹಿಂದೆ, ಒಂದು ಸ್ಕೂಟರ್.

ಜ್ಯೋತಿಲಕ್ಷ್ಮಿ ಇಳಿದಳು. ಕೂದಲೆಲ್ಲ ಕೆದರಿತ್ತು. ವೇಣುಗೋಪಾಲ್ ತನ್ನ ಬಟ್ಟೆಬರೆ ಯಾವ ಬ್ಯಾಗಿನಲ್ಲಿ ಹಿಡಿಸೀತು ಎಂದು ಲೆಕ್ಕ ಹಾಕತೊಡಗಿದ.

"ರೀ, ಕುದುರೆ ಮಾರ್ಬಿಟ್ರಾ?"

"ಇಲ್ಲ ಜ್ಯೋತಿ... ಬಂದಿದ್ರು... ಆದ್ರೆ..."

"ದೇವ್ರು ದೊಡ್ಡೋನು." ಅವಳು ತಂಡ್ರಪ್ಪನ ಹಣೆ ಸವರಿದಳು. ಮದುವೆಯಾದ ಮೇಲೆ ಗಂಡನ ಹಣೆಯನ್ನು ಅವಳು ಹೀಗೆ ಸವರಿದ್ದು ಅವನಿಗೆ ನೆನಪಿರಲಿಲ್ಲ. "ಕೆರೆ ಹತ್ರ ನನ್ನ ಓವರ್‌ಟೇಕ್ ಮಾಡ್ತು ಕಣ್ರೀ. ನಾನ್ ಫುಲ್ ಸ್ಪೀಡಲ್ಲಿದ್ದೆ. ಬಿಟ್ಟ ಬಾಣ ನೋಡಿ, ಹಂಗೆ."

"ಜ್ಯೋತಿ, ಅದು ಆ ಕಸದ ಗಾಡಿ..."

"ನೋಡ್ದೆ ಕಣ್ರೀ. ದಾರಿ ಪೂರ್ತಿ ಮುಂದೆ ಅಡ್ಡ ಬರ್ತಿತ್ತು. ಅದೊಂದಿಲ್ದಿದ್ರೆ ಇನ್ನೆಷ್ಟು ಜೋರಾಗಿ ಓಡ್ತಿತ್ತೋ ಪಾಪ."

ವೇಣುಗೋಪಾಲ್ ಸಾಕ್ಷಿಗೆಂದು ಸುತ್ತ ನೋಡಿದ. ಲಕ್ಕಣ್ಣ ಆಕಾಶ ನೋಡುತ್ತಿದ್ದ. ಮುನಿರತ್ನ ಟೈರು ನೋಡುತ್ತಿದ್ದ.

"ನೀವು ಇದನ್ನ ಸರಿಯಾಗಿ ನೋಡ್ಕೊಂಡಿಲ್ಲ, ಅದಕ್ಕೇ ಸೋತಿದ್ದು," ಎಂದಳು ಜ್ಯೋತಿಲಕ್ಷ್ಮಿ. "ಇನ್ಮೇಲೆ ನಾನ್ ನೋಡ್ಕೋತೀನಿ. ನಮ್ಮಪ್ಪ ಕೊಟ್ಟಿರೋ ಬಾಗಲೂರು ಸೈಟಿಗೆ ಗಿರಾಕಿ ಇದಾರೆ. ಈಗ್ಲೇ ತಮ್ಮಂಗೆ ಫೋನ್ ಮಾಡಿ ಮಾತಾಡು ಅಂತೀನಿ. ಆ ದುಡ್ಡಲ್ಲಿ ಒಳ್ಳೇ ಟ್ರೇನರ್, ಒಳ್ಳೇ ಲಾಯ. ದೊಡ್ಡ ರೇಸ್ ಯಾವಾಗ್ರೀ?"

"ಮೇ ತಿಂಗಳು," ಎಂದ ವೇಣುಗೋಪಾಲ್. ಅವನ ದನಿ ಬಾವಿಯೊಳಗಿಂದ ಬಂದಂತಿತ್ತು.

ಅವಳು ಫೋನ್ ಹಿಡಿದು ಒಳಗೆ ಹೋದಳು. ಮತ್ತೊಂದು ವಿಮಾನ ಬೀದಿಯನ್ನು ನಡುಗಿಸಿ ಹೋಯಿತು. ಆಟೋದೊಳಗೆ ಕತ್ತು ಹಾಕಿದ್ದ ತಂಡ್ರಪ್ಪ ಅಲುಗಲಿಲ್ಲ.

ಸೊಣ್ಣಮ್ಮ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ವೇಣುಗೋಪಾಲ್ ಹತ್ತಿರ ಬಂದು ಕೇಳಿದಳು:

"ಅಲ್ಲ ಕಣಪ್ಪಾ, ಮೇ ತಿಂಗ್ಳಾಗೆ ಅವರೆಕಾಯಿ ಎಲ್ ಸಿಕ್ತದೆ?"