ಕಾಳಿನ ಕೋಟೆ

ನನ್ನ ಲ್ಯಾಪ್‌ಟಾಪ್ ಕಂಪ್ಯೂಟರನ್ನು ನನಗೆ ತಿಳಿಯದಂತೆ ಮುಟ್ಟುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಹೀಗೆಂದು ಸೋಮವಾರ ಬೆಳಿಗ್ಗೆ ಮೀಸೆ ತಿರುವಿದೆ. ಕಾರಣವಿತ್ತು. ಹದಿನೆಂಟು ವರ್ಷ ಗಣಿತ ಕಲಿಸಿದ ಮೇಲೆ, ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸುವ ಭಾಗ್ಯ ಮೊದಲ ಬಾರಿಗೆ ನನ್ನ ಪಾಲಿಗೆ ಬಂದಿತ್ತು. "ಬೇರೆ ಯಾರಾದ್ರೂ ನೋಡಿದ್ರೆ ಪತ್ರಿಕೆ ರದ್ದು. ಈ ಕೆಲಸ ನಿಮಗೆ ಸಿಗೋದೂ ಅದೇ ಕೊನೆ" ಎಂದು ಮುಖ್ಯೋಪಾಧ್ಯಾಯಿನಿ ಎಚ್ಚರಿಸಿದ್ದರು.

ಪಾಸ್‌ವರ್ಡ್? ಅದು ಹೇಡಿಗಳ ಆಯುಧ! ತೆಗೆದುಹಾಕಿದೆ. ನಾನು ಎಲ್ಲೋ ಓದಿದ್ದ ಉಪಾಯವೇ ಬೇರೆ. ಪಾರದರ್ಶಕ ಪೆಟ್ಟಿಗೆಯಲ್ಲಿ ಕಂಪ್ಯೂಟರ್ ಇಟ್ಟು, ಅದು ಮುಳುಗುವಷ್ಟು ಬಣ್ಣಬಣ್ಣದ ಕಾಳು ಸುರಿದು, ಫೋಟೊ ತೆಗೆದಿಟ್ಟುಕೊಳ್ಳುವುದು. ಕಳ್ಳ ಕೈಹಾಕಿದರೆ ಕಾಳು ಕದಲುತ್ತದೆ. ಮತ್ತೆ ಹಾಗೆಯೇ ಜೋಡಿಸಲು ಅವನಪ್ಪನಿಂದಲೂ ಆಗದು! ಅಡುಗೆಮನೆಯ ಕಡಲೆ, ಹೆಸರು, ಅಲಸಂದೆ ಮೂರೂ ಡಬ್ಬ ಖಾಲಿ ಮಾಡಿದೆ.

"ರೀ, ಇದೇನು ಅವತಾರ? ಅಡುಗೆಗೆ ಏನು ಹಾಕ್ಲಿ?" ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

"ಕೋಟೆ ಕಟ್ಟೋ ಹೊತ್ತಲ್ಲಿ ಅಡುಗೆ ಮಾತಾಡ್ತೀಯಲ್ಲೇ!"

"ಕಟ್ಟಿ, ಕಟ್ಟಿ. ರಾತ್ರಿ ಊಟಕ್ಕೆ ಆ ಫೋಟೊನೇ ಬಡಿಸ್ತೀನಿ."

ಮಂಗಳವಾರ ಸಂಜೆ ಶಾಲೆಯಿಂದ ಬಂದವನೇ, ಚಪ್ಪಲಿಯನ್ನೂ ಬಿಡದೆ ಫೋಟೊ ಹಿಡಿದು ಪೆಟ್ಟಿಗೆಯ ಮುಂದೆ ಕುಳಿತೆ. ಫೋಟೊದ ಎಡಮೂಲೆಯಲ್ಲಿ ಮೂರು ಕಡಲೆಕಾಳು ಒಂದಕ್ಕೊಂದು ಅಂಟಿಕೊಂಡಿದ್ದವು. ಈಗ ನಡುವೆ ಒಂದು ಅಲಸಂದೆ ಬಂದು ಕೂತಿದೆ!

ಯಾರೋ ಕೈಹಾಕಿದ್ದರು! ಆದರೂ ನಿಜ ಹೇಳುತ್ತೇನೆ, ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು. ಉಪಾಯ ಫಲಿಸಿತ್ತಲ್ಲ! ತಕ್ಷಣ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿದೆ.

"ಮೇಡಂ, ನನ್ನ ಕೋಟೆಗೆ ಯಾರೋ ನುಗ್ಗಿದ್ದಾರೆ! ಆದ್ರೆ ನನ್ನ ಕಾಳುಗಳು ಬಿಡ್ಲಿಲ್ಲ, ಹಿಡಿದುಕೊಟ್ವು!"

"ಯಾರು ಮೇಷ್ಟ್ರೇ?"

"ಲೈನಲ್ಲೇ ಇರಿ, ಈಗಲೇ ಹೇಳಿಸ್ತೀನಿ!"

ಮನೆಯಲ್ಲಿದ್ದ ಆರೋಪಿಗಳು ಇಬ್ಬರೇ. ಒಬ್ಬಳು ಹೆಂಡತಿ. ಇನ್ನೊಬ್ಬರು ವಾರದ ಮಟ್ಟಿಗೆ ಬಂದಿದ್ದ ಅತ್ತೆ, ಅಂದರೆ ಅವಳ ತಾಯಿ. ಅವರೂ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಇಬ್ಬರನ್ನೂ ಸಾಲಾಗಿ ನಿಲ್ಲಿಸಿ ಗುಡುಗಿದೆ: "ಪೆಟ್ಟಿಗೆ ಮುಟ್ಟಿದ್ದು ಯಾರು?"

"ನಾನೇ ಅಳಿಯಂದ್ರೇ" ಎಂದರು ಅತ್ತೆ, ಕನ್ನಡಕ ಒರೆಸಿಕೊಳ್ಳುತ್ತ. "ಒಂದು ಹಿಡಿ ಕಡಲೆ ಆರಿಸ್ಕೊಳ್ಳೋಣ ಅಂತ ಕೈ ಹಾಕಿದ್ರೆ ಕಂಪ್ಯೂಟರ್ ಸಿಕ್ತು. ಹೊರಗೆ ತೆಗೆದು ಅದರ ಮುಚ್ಚಳ ಎತ್ತಿದೆ, ಪ್ರಶ್ನೆಪತ್ರಿಕೆ ಕಾಣಿಸ್ತು."

"ಓದಿದ್ರಾ?"

"ಲೆಕ್ಕ ಕಣ್ಣಿಗೆ ಬಿದ್ಮೇಲೆ ಬಿಡಿಸದೆ ಇರೋಕಾಗತ್ತಾ?"

"ಮುಗೀತು! ಪತ್ರಿಕೆ ರದ್ದು! ನನ್ನ ಮಾನ ಹೋಯ್ತು!" ನನ್ನ ದನಿ ಅಳುವಿಗೆ ತಿರುಗಿತು.

"ನಾನು ನೋಡದೇ ಇದ್ದಿದ್ರೆ ಹೋಗ್ತಿತ್ತು" ಎಂದರು ಅತ್ತೆ ತಣ್ಣಗೆ. "ಏಳನೇ ಲೆಕ್ಕ ಒಂದ್ಸಲನಾದ್ರೂ ಬಿಡಿಸಿ ನೋಡಿದ್ರಾ? ಅದ್ರಲ್ಲಿ ಅಪ್ಪನಿಗಿಂತ ಮಗ ನಾಲ್ಕು ವರ್ಷ ದೊಡ್ಡವನು! ತಿದ್ದಿಟ್ಟಿದ್ದೀನಿ."

ನನ್ನ ಕೈಯಲ್ಲಿದ್ದ ಫೋನು ಬಿದ್ದುಬಿದ್ದು ನಗತೊಡಗಿತು.

"ಪತ್ರಿಕೆ ರದ್ದಾಗಲ್ಲ ಮೇಷ್ಟ್ರೇ, ನಿಮ್ಮ ಅತ್ತೆಯವರನ್ನ ಪರಿಶೀಲಕರು ಅಂತ ಬರ್ಕೊಳ್ತೀನಿ" ಎಂದರು ಮುಖ್ಯೋಪಾಧ್ಯಾಯಿನಿ. "ಮುಂದಿನ ವರ್ಷ ಪತ್ರಿಕೆನೂ ಅವರೇ ತಯಾರಿಸ್ಲಿ. ಕಾವಲಿಗೆ ಮಾತ್ರ ನೀವೇ ಬೇಕು. ಆ ಕೆಲಸದಲ್ಲಿ ನಿಮ್ಮನ್ನ ಮೀರಿಸೋರಿಲ್ಲ!"