ಮಾದೇನಪುರದ ಮಾದರಿ ನಿವಾಸಿ

೧೯೪೬ನೇ ಇಸವಿಯಲ್ಲಿ, ಹೊಸಕೋಟೆಯಿಂದಾಚೆ ಹಳೇ ಮದರಾಸು ರಸ್ತೆಯ ಮೇಲಿರುವ ಮಾದೇನಪುರದ ಪುರಸಭೆಯು, ಬರುವ ಸಂಕ್ರಾಂತಿಯಿಂದ ಊರಿನಲ್ಲಿ ಮನೆಯಿಲ್ಲದವರಾಗಲಿ ಕೆಲಸವಿಲ್ಲದವರಾಗಲಿ ಇರತಕ್ಕದ್ದಲ್ಲವೆಂದು ಸರ್ವಾನುಮತದಿಂದ ಠರಾವು ಮಾಡಿತು.

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಗಾರೆ ಕೆಲಸದ ಬೈಲಪ್ಪ. ಅವನಿಗೆ ಎರಡೂ ಇರಲಿಲ್ಲ. ಯುದ್ಧ ನಡೆಯುವಷ್ಟು ದಿನ ಮಿಲಿಟರಿಯವರಿಗೆ ಗೋಡೆ ಕಟ್ಟಿಕೊಟ್ಟು ಹೊಟ್ಟೆ ಹೊರೆದಿದ್ದ. ಯುದ್ಧ ಮುಗಿದ ಮೇಲೆ ಬಸುರಿ ಹೆಂಡತಿ ಸಪ್ಪಲಮ್ಮನ ಜೊತೆ ಭಾವಮೈದನ ಮೇಕೆ ದೊಡ್ಡಿಯಲ್ಲಿ ಮಲಗುತ್ತಿದ್ದ. ಮೇಕೆಗಳು ಅವನನ್ನು ಒಪ್ಪಿಕೊಂಡಿದ್ದವು. ಭಾವಮೈದ ಇನ್ನೂ ಯೋಚಿಸುತ್ತಿದ್ದ.

ಯೋಜನೆಯಲ್ಲಿ ನಲವತ್ತು ಮನೆಗಳೂ ನೂರು ಕೆಲಸಗಳೂ ಇದ್ದವು. ಸಿಮೆಂಟಿಗೆ ಕಂಟ್ರೋಲು ಇದ್ದ ಕಾರಣ ಒಂದೇ ಒಂದು ಮಾದರಿ ಮನೆ ಕಟ್ಟತಕ್ಕದ್ದು, ಉಳಿದ ಮೂವತ್ತೊಂಬತ್ತನ್ನು ಅದನ್ನು ನೋಡಿ ಸಾರ್ವಜನಿಕರು ಊಹಿಸಿಕೊಳ್ಳತಕ್ಕದ್ದು ಎಂದು ಅಧ್ಯಕ್ಷ ಆದಿನಾರಾಯಣಪ್ಪನವರು ಅಪ್ಪಣೆ ಕೊಡಿಸಿದರು. ಬೈಲಪ್ಪ ಎರಡು ತಿಂಗಳಲ್ಲಿ ಕಟ್ಟಿ ಮುಗಿಸಿದ. ಮುಗಿಸಿದ ಗಳಿಗೆಯಲ್ಲೇ ಮತ್ತೆ ಕೆಲಸವಿಲ್ಲದವನಾದ.

ಆದರೆ ಬರೀ ಮನೆ ನಿಂತಿದ್ದರೆ ತನಿಖೆಗೆ ಬರುವ ಸಾಹೇಬರು ಏನೆಂದುಕೊಂಡಾರು? ಅದರಲ್ಲಿ ಯಾರಾದರೂ ವಾಸವಾಗಿರಬೇಕು. ಪುರಸಭೆಯ ಕಟ್ಟಡದಲ್ಲಿ ನೌಕರರಲ್ಲದವರು ಇರುವಂತಿಲ್ಲವೆಂಬ ನಿಯಮವನ್ನು ಮ್ಯಾನೇಜರ್ ವೆಂಕಟರಾಯಪ್ಪನವರು ಹುಡುಕಿ ತೆಗೆದರು. ಹೀಗಾಗಿ ಆಜ್ಞೆ ಹೊರಟಿತು:

"ಗಾರೆ ಬೈಲಪ್ಪನನ್ನು ಮಾದರಿ ಮನೆಯ ನಿವಾಸಿಯಾಗಿಯೂ, ಆತನ ಪತ್ನಿಯನ್ನು ಸಹಾಯಕ ನಿವಾಸಿಯಾಗಿಯೂ ನೇಮಿಸಲಾಗಿದೆ. ವಾಸದ ವೇಳೆ ಬೆಳಿಗ್ಗೆ ಹತ್ತರಿಂದ ಸಂಜೆ ಕಚೇರಿಯ ಜವಾನನು ಐದು ಗಂಟೆ ಹೊಡೆಯುವವರೆಗೆ. ವಾಸದ ವೇಳೆಯಲ್ಲಿ ನಿದ್ರಿಸಕೂಡದು. ಭಾನುವಾರ ಮನೆಗೆ ರಜೆ."

ಅಂದಿನಿಂದ ಬೈಲಪ್ಪ ದಿನವೂ ತಲೆ ಬಾಚಿಕೊಂಡು ದೊಡ್ಡಿಯಿಂದ ಹೊರಟು, ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ವಾಸ ಮಾಡತೊಡಗಿದ. ಐದು ಹೊಡೆದೊಡನೆ ಬೀಗ ಬೀಳುತ್ತಿತ್ತು. ತಾನೇ ತಿಕ್ಕಿ ನುಣುಪು ಮಾಡಿದ ಗೋಡೆಯನ್ನು ಒಂದು ಸಲ ಸವರಿ, ಮೇಕೆಗಳ ಬಳಿಗೆ ಹಿಂತಿರುಗುತ್ತಿದ್ದ. ಕೂತು ಕೂತು ಸೊಂಟ ಹಿಡಿಯುತ್ತದೆಂದು ಸಪ್ಪಲಮ್ಮ ಗೊಣಗಿದರೆ, ಸರ್ಕಾರಿ ಕೆಲಸವೆಂದರೆ ಹಾಗೇ ಎಂದು ಸಮಾಧಾನ ಹೇಳುತ್ತಿದ್ದ.

ಅಷ್ಟರಲ್ಲಿ ಅಕ್ಕಪಕ್ಕದವರಿಲ್ಲದ ಮನೆ ನಂಬಿಕೆಗೆ ಅರ್ಹವಲ್ಲವೆಂದು ಸದಸ್ಯರೊಬ್ಬರು ಆಕ್ಷೇಪವೆತ್ತಿದರು. ನೆರೆಯವರ ಇಪ್ಪತ್ತು ಹುದ್ದೆಗಳು ಮಂಜೂರಾದವು. ಊರಿನ ಸೂಲಗಿತ್ತಿ ಮುನಿತಾಯಮ್ಮ ಹಿರಿಯ ನೆರೆಯವಳಾದಳು. ಸಕ್ಕರೆ ಕೇಳಲು ಬರುವವರು, ಕೇಳದೆ ಬುದ್ಧಿ ಹೇಳುವವರು, ಜಗಲಿಯ ಮೇಲೆ ಸುಮ್ಮನೆ ಕೂರುವವರು, ನೆಂಟರು, ನೆಂಟರ ಕಡೆಯವರು, ಹೀಗೆ ಮಾರ್ಗಶಿರದ ಹೊತ್ತಿಗೆ ನೂರು ಕೆಲಸಗಳೂ ಭರ್ತಿಯಾದವು. ಊರಿನಲ್ಲಿ ನಿರುದ್ಯೋಗ ನಿರ್ಮೂಲವಾಯಿತು.

ಒಂದು ಗುರುವಾರ ನೆಂಟನೊಬ್ಬ ರಜೆ ಹಾಕಿ ಘಾಟಿ ದನಗಳ ಜಾತ್ರೆಗೆ ಹೋದ. ಅವನ ಜಾಗಕ್ಕೆ ಕಚೇರಿಯಲ್ಲಿ ಗಂಟೆ ಹೊಡೆಯುವ ಜವಾನ ಕೊಂಡಪ್ಪನನ್ನು ಹಂಗಾಮಿ ನೆಂಟನಾಗಿ ಕಳಿಸಲಾಯಿತು. ಅದೇ ಮಧ್ಯಾಹ್ನ ಸಪ್ಪಲಮ್ಮನಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಮುನಿತಾಯಮ್ಮ ಗಂಡಸರನ್ನೆಲ್ಲ ಜಗಲಿಗೆ ಅಟ್ಟಿದಳು. ಐದಕ್ಕೆ ಇನ್ನೂ ಐದು ನಿಮಿಷ ಇರುವಾಗ ಹೆಣ್ಣುಮಗು ಹುಟ್ಟಿತು.

ಮ್ಯಾನೇಜರು ಬೀಗ ಹಿಡಿದು ಬಂದರು. ಮಗುವನ್ನು ನೋಡಿ ಸಂತೋಷ ವ್ಯಕ್ತಪಡಿಸಿ, ಶಿಶುವಿನ ಹುದ್ದೆ ಮಂಜೂರಾಗಿಲ್ಲವೆಂದೂ, ಉಳಿದವರು ವೇಳೆಗೆ ಸರಿಯಾಗಿ ಹೊರಡತಕ್ಕದ್ದೆಂದೂ ತಿಳಿಸಿದರು.

"ನಾನು ಏಳಲ್ಲ," ಅಂದಳು ಸಪ್ಪಲಮ್ಮ ಒಳಗಿನಿಂದ. "ಈ ಕೂಸನ್ನ ಮೇಕೆ ಹಿಕ್ಕೆ ಮೇಲೆ ಮಲಗಿಸಲ್ಲ."

ಬೈಲಪ್ಪ ಹುಟ್ಟಿದ ಮೇಲೆ ಒಬ್ಬ ಅಧಿಕಾರಿಗೂ ಎದುರಾಡಿದವನಲ್ಲ. ಮ್ಯಾನೇಜರ ಮುಖ ನೋಡಲಾರದೆ ಪಕ್ಕಕ್ಕೆ ತಿರುಗಿದರೆ, ಚಾಪೆಯ ಮೇಲೆ ಕೊಂಡಪ್ಪ ಕಾಫಿ ಕುಡಿಯುತ್ತಿದ್ದ.

"ಐದು ಹೊಡೀತಾ ಸ್ವಾಮಿ?" ಅಂದ ಬೈಲಪ್ಪ ಮೆಲ್ಲಗೆ.

ಮ್ಯಾನೇಜರು ಕಿವಿಗೊಟ್ಟು ಕೇಳಿದರು. ಹೊಡೆದಿರಲಿಲ್ಲ. ಹೋಗಿ ಹೊಡೆದು ಬಾ ಎಂದು ಕೊಂಡಪ್ಪನಿಗೆ ಹೇಳಿದರು.

"ಐದು ಹೊಡಿಯೋಗಂಟ ನೆಂಟ ಜಾಗ ಬಿಡಂಗಿಲ್ಲ ಅಂತ ತಾವೇ ಬರ್ಕೊಟ್ಟಿದೀರಲ್ಲ, ಬುದ್ಧಿ," ಎಂದ ಕೊಂಡಪ್ಪ, ವಿನಯದಿಂದ.

ಬೇರೆಯವರ ಕೈಲಿ ಹೊಡೆಸಬಹುದೇ ಎಂದು ಯಾರೋ ಕೇಳಿದರು. ಹಾಗೆ ಹೊಡೆದರೆ ಅದು ಬರೀ ಸದ್ದಾಗುತ್ತದೆ, ಐದು ಗಂಟೆಯಾಗುವುದಿಲ್ಲ ಎಂದು ಮ್ಯಾನೇಜರೇ ವಿವರಿಸಿದರು. ವಿಷಯ ಅಧ್ಯಕ್ಷರವರೆಗೂ ಹೋಯಿತು. ಆದಿನಾರಾಯಣಪ್ಪನವರು ಆಜ್ಞೆಯನ್ನು ಎರಡು ಸಲ ಓದಿಸಿ ಕೇಳಿ, ಐದು ಹೊಡೆಯದೆ ದಿನ ಮುಗಿಯುವುದಿಲ್ಲ, ದಿನ ಮುಗಿಯದೆ ತಿಂಗಳು ತುಂಬುವುದಿಲ್ಲ, ತಿಂಗಳು ತುಂಬದೆ ಯಾರಿಗೂ ಸಂಬಳ ಕೊಡಬೇಕಾಗಿಲ್ಲ ಎಂಬುದನ್ನು ಮನಗಂಡರು. ಅವರ ಮುಖ ಅರಳಿತು. ಮುಂದಿನ ಆಜ್ಞೆಯಾಗುವವರೆಗೆ ಇದು ಸಾಯಂಕಾಲ ನಾಲ್ಕು ಐವತ್ತೈದು ಎಂದು ತಮಟೆ ಹೊಡೆಸಿ ಸಾರಿಸಿದರು.

ನೂರು ಮಂದಿಯೂ ಮನೆಯ ಸುತ್ತ ಚಪ್ಪರ ಹಾಕಿಕೊಂಡು, ಒಲೆ ಹೂಡಿ, ನೆಲೆನಿಂತರು. ಅವರ ನಿದ್ದೆಯನ್ನು ಊಟದ ನಂತರದ ತೂಕಡಿಕೆಯೆಂದು ಪರಿಗಣಿಸಲಾಯಿತು. ಸಂಬಳದ ಮಾತೆತ್ತಿದವರಿಗೆ, ಇನ್ನು ಐದೇ ನಿಮಿಷ ತಡೆಯಿರಿ ಎಂದು ಉತ್ತರ ಸಿಗುತ್ತಿತ್ತು. ಅದು ನ್ಯಾಯವೆಂದೇ ಎಲ್ಲರಿಗೂ ತೋರಿತು. ಬೈಲಪ್ಪನಂತೂ ಮಗುವನ್ನು ಎತ್ತಿಕೊಂಡು, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಯಾರಪ್ಪನ ಅಪ್ಪಣೆಯೂ ಇಲ್ಲದೆ ಓಡಾಡಿದ.

ಸಂಕ್ರಾಂತಿಯ ಬೆಳಿಗ್ಗೆ ತನಿಖೆಯ ಸಾಹೇಬರು ಮೋಟಾರಿನಲ್ಲಿ ಬಂದಿಳಿದಾಗ ಊರಿಗೆ ಊರೇ ಹಲ್ಲುಜ್ಜುತ್ತಿತ್ತು. ಇಷ್ಟು ಹೊತ್ತಿಗೇ ನೌಕರರೆಲ್ಲ ಹಾಜರಿದ್ದಾರಲ್ಲ ಎಂದು ಅವರು ಮೆಚ್ಚಿಕೊಂಡರು. ಈಗ ಸಂಜೆ ನಾಲ್ಕು ಐವತ್ತೈದು ಎಂದು ಮ್ಯಾನೇಜರು ತಿದ್ದಿದರು. ಸಾಹೇಬರು ಎಳೆಬಿಸಿಲನ್ನು ನೋಡಿದರು, ಆಜ್ಞೆಯ ಮೇಲಿದ್ದ ಮೊಹರನ್ನು ನೋಡಿದರು, ತಮ್ಮ ಕೈಗಡಿಯಾರವನ್ನು ತಿರುಗಿಸಿ ಸರಿಮಾಡಿಕೊಂಡರು. ಮನೆಯಿಲ್ಲದವರು ಸೊನ್ನೆ, ಕೆಲಸವಿಲ್ಲದವರು ಸೊನ್ನೆ ಎಂದು ಬರೆದು ರುಜು ಹಾಕಿದರು.

ಹೊರಡಲು ಎದ್ದವರಿಗೆ, ವಾಸದ ವೇಳೆಯಲ್ಲಿ ಒಳಬಂದವರು ಐದು ಹೊಡೆಯದೆ ಹೊರಹೋಗುವಂತಿಲ್ಲವೆಂಬ ನಿಯಮವನ್ನು ತೋರಿಸಲಾಯಿತು. ಅವರು ಅದನ್ನು ಪೂರ್ತಿ ಓದಿ, ಕರಡು ಚೆನ್ನಾಗಿದೆಯೆಂದು ಹೊಗಳಿ, ಮೋಟಾರಿನಿಂದ ಹಾಸಿಗೆ ತರಿಸಿದರು.

"ಯಾವ ಕಡೆ ಗಾಳಿ ಚೆನ್ನಾಗಿ ಬರುತ್ತಪ್ಪಾ?" ಎಂದು ಬೈಲಪ್ಪನನ್ನು ಕೇಳಿದರು.

ಬೈಲಪ್ಪ ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡು, ಮನೆಯ ಯಜಮಾನನ ಗತ್ತಿನಲ್ಲಿ, ಮೂಡಣ ಕಿಟಕಿಯ ಕೆಳಗೆ ಜಾಗ ತೋರಿಸಿದ.